‘ಇನ್ ಸ್ಟಾರ್ಸ್ ಅಂಡ್ ಟೈಮ್’: ಒಬ್ಬನಿಗೆ ಮಾತ್ರ ಎಲ್ಲಾ ನೆನಪಿರುವ ಆಟ

ಟೈಮ್ ಲೂಪ್, ಅಂದರೆ ಒಂದೇ ಹೊತ್ತು ಮತ್ತೆ ಮತ್ತೆ ತಿರುಗಿ ಬರುವುದು, ಇರುವ ಹೆಚ್ಚಿನ ವಿಡಿಯೋ ಗೇಮ್‌ಗಳಲ್ಲಿ ಲೂಪ್ ಅನ್ನೋದು ಆಡುವವರಿಗೆ ಅನುಕೂಲ. ಸತ್ತರೆ ಮತ್ತೆ ಶುರು, ಈ ಸಲ ಇನ್ನಷ್ಟು ಜಾಣತನದಿಂದ. 2023ರ ನವೆಂಬರ್‌ನಲ್ಲಿ ಬಂದ ಈ ಇಂಡೀ (ದೊಡ್ಡ ಕಂಪನಿಯದ್ದಲ್ಲದ) ಆರ್‌ಪಿಜಿಯಲ್ಲಿ, ಅಂದರೆ ಪಾತ್ರಗಳನ್ನು ನಡೆಸುತ್ತಾ ಆಡುವ ಕಥೆಯ ಆಟದಲ್ಲಿ, ಆ ಅನುಕೂಲವೇ ನಿಧಾನವಾಗಿ ಶಿಕ್ಷೆಯಾಗುತ್ತದೆ. ಬಹಳ ಕಾಲದಿಂದ ಆಡುತ್ತಿದ್ದೇನೆ, ಮುಗಿಸಿ ಮತ್ತೆ ಶುರು ಮಾಡಿದ್ದೇನೆ. ನನ್ನ ಮೆಚ್ಚುಗೆ ಜಾಸ್ತಿಯಾಗಿದೆಯೇ ಹೊರತು ಕಮ್ಮಿಯಾಗಿಲ್ಲ.

ಕಥೆ ಶುರುವಾಗುವುದೇ ಪಯಣದ ಕೊನೆಯಲ್ಲಿ. ರಾಜನೊಬ್ಬ ಇಡೀ ನಾಡನ್ನು ಕಾಲದಲ್ಲಿ ಹೆಪ್ಪುಗಟ್ಟಿಸುತ್ತಿದ್ದಾನೆ. ಅವನನ್ನು ಸೋಲಿಸಲು ಸಿಫ್ರಿನ್, ಮಿರಬೆಲ್, ಇಸಬೋ, ಒಡೀಲ್ ಮತ್ತು ಪುಟ್ಟ ಬಾನಿ ಹೊರಟಿದ್ದಾರೆ. ನಾಳೆ ರಾಜನ ಜೊತೆ ಕಾದಾಟ. ಸಿಫ್ರಿನ್ ಸತ್ತರೆ ಹಿಂದಿನ ದಿನಕ್ಕೆ ವಾಪಸ್. ಅವನಿಗೆ ಎಲ್ಲವೂ ನೆನಪಿರುತ್ತದೆ, ಉಳಿದವರಿಗೆ ಏನೂ ಇರುವುದಿಲ್ಲ.

ಈ ಒಂದು ವ್ಯತ್ಯಾಸವನ್ನು ಆಟ ಎಷ್ಟು ದೂರ ಎಳೆದುಕೊಂಡು ಹೋಗುತ್ತದೆ ಅನ್ನೋದೇ ಇದರ ದೊಡ್ಡತನ. ಗೆಳೆಯರೊಬ್ಬರ ಮನಸ್ಸಿನ ಭಾರವನ್ನು ಕೇಳಿ, ಜೊತೆಗೆ ನಿಂತು, ಹಗುರ ಮಾಡುತ್ತೀರಿ. ಅವರು ನಿಮ್ಮನ್ನು ಇನ್ನಷ್ಟು ನಂಬುತ್ತಾರೆ. ಲೂಪ್ ತಿರುಗಿದ ಮೇಲೆ ಆ ಮಾತುಕತೆ ನಡೆದೇ ಇಲ್ಲ. ಲೆವೆಲ್‌ಗಳಲ್ಲೂ ಇದೇ ಕಥೆ: ಸಿಫ್ರಿನ್ ಗಳಿಸಿದ ಬಲ ಉಳಿಯುತ್ತದೆ, ಗೆಳೆಯರದ್ದು ಹಿಂದಕ್ಕೆ ಹೋಗುತ್ತದೆ. ಅವನು ಒಬ್ಬನೇ ಬಲಶಾಲಿಯಾಗುತ್ತಾ ಹೋಗುತ್ತಾನೆ, ಅವರಿಂದ ದೂರವೂ ಆಗುತ್ತಾನೆ. ಆಟದ ನಿಯಮವೂ ಕಥೆಯೂ ಹೀಗೆ ಒಂದೇ ಮಾತು ಹೇಳುವುದು ಅಪರೂಪ.

ಕಾದಾಟ ಕಲ್ಲು-ಕಾಗದ-ಕತ್ತರಿಯ ಮೇಲೆ ನಿಂತಿದೆ. ಎದುರಾಳಿ ಯಾವ ಬಗೆ ಅನ್ನೋದು ಅದರ ಚಿತ್ರದಲ್ಲೇ, ಕೈಗಳ ಆಕಾರದಲ್ಲೇ ಇರುತ್ತದೆ. ಒಂದೇ ಬಗೆಯ ಏಟುಗಳನ್ನು ಕೂಡಿಸುತ್ತಾ ಹೋದರೆ ಜಾಕ್‌ಪಾಟ್ ಅನ್ನುವ ದೊಡ್ಡ ಏಟು ಸಿಗುತ್ತದೆ. ಸರಳವಾಗಿದೆ, ಚುರುಕಾಗಿದೆ, ಆದರೆ ಆಳವಾದ ಲೆಕ್ಕಾಚಾರ ಬೇಕು ಅನ್ನುವವರಿಗೆ ಸಾಲದು. ಚಿತ್ರಗಳೆಲ್ಲಾ ಕಪ್ಪು-ಬಿಳುಪು. ಮುಖಭಾವಗಳು ಎಷ್ಟು ಚೆನ್ನಾಗಿವೆ ಅಂದರೆ ಬಣ್ಣ ಬೇಕಿತ್ತು ಅಂತ ನನಗೆ ಅನಿಸಲೇ ಇಲ್ಲ.

ಈಗ ಬೇಸರದ ವಿಷಯ. ರಾಜ ಇರುವ ಅದೇ ಮನೆ, ಅದೇ ಮಹಡಿಗಳು, ಅದೇ ಬೀಗದಕೈ ಹುಡುಕಾಟ. ಕೇಳಿದ ಮಾತುಗಳನ್ನು ಬೇಗ ದಾಟಿಸುವ ದಾರಿ ಇದೆ, ಲೂಪ್ ಆದಾಗ ಮುಂದಿನ ಮಹಡಿಗೆ ನೇರವಾಗಿ ಹೋಗುವ ಆಯ್ಕೆಯೂ ಇದೆ. ಆದರೂ ನಡುಭಾಗ ಎಳೆಯುತ್ತದೆ. ಮುಂದೆ ಏನು ಮಾಡಬೇಕು ಅಂತ ತಿಳಿಯದೆ ಸುಮ್ನೆ ಸುತ್ತುವ ಹೊತ್ತು ಬರುತ್ತದೆ. ಸಿಫ್ರಿನ್‌ಗೆ ಆಗುವ ಬೇಜಾರು ನಮಗೂ ಆಗಲಿ ಅನ್ನುವುದು ಇದರ ಉದ್ದೇಶ, ಅದು ನನಗೆ ಅರ್ಥವಾಗುತ್ತದೆ. ನಿಜಕ್ಕೂ, ಗೆಳೆಯರ ಮಾತನ್ನು ಓದದೆ ಬಟನ್ ಒತ್ತಿ ದಾಟಿಸುವಾಗ ನಾವೂ ಅವನಂತೆಯೇ ಅವರನ್ನು ಪಾತ್ರಗಳಾಗಿ ನೋಡಲು ಶುರು ಮಾಡಿರುತ್ತೇವೆ. ಅದು ಮನಸ್ಸಿಗೆ ಚುಚ್ಚುತ್ತದೆ. ಆದರೂ ಕೆಲವು ಸುತ್ತುಗಳನ್ನು ಕತ್ತರಿಸಿದ್ದರೆ ಆ ಚುಚ್ಚು ಇನ್ನೂ ಹರಿತವಾಗಿರುತ್ತಿತ್ತು.

ಎರಡನೇ ಸಲ ಆಡುವಾಗಲೇ ಬರವಣಿಗೆಯ ಕಸುಬು ಪೂರ್ತಿ ಕಾಣುವುದು. ಇಸಬೋ ಏನೋ ಹೇಳಲು ಹೊರಟು ತಡೆದುಕೊಳ್ಳುವುದು, ಬಾನಿ ಸಿಡುಕುವುದು, ಒಡೀಲ್ ಪಕ್ಕದಿಂದ ಗಮನಿಸುವುದು, ಎಲ್ಲಕ್ಕೂ ಕಾರಣ ಮೊದಲೇ ಇಟ್ಟಿದ್ದಾರೆ. ಸಿಫ್ರಿನ್ ನಗುವುದು ಕೂಡ ಆಗ ಬೇರೆಯಾಗಿ ಕಾಣುತ್ತದೆ.

ಒಂದು ಎಚ್ಚರಿಕೆ. ಕೊನೆಯ ಭಾಗಗಳು ತುಂಬಾ ಕತ್ತಲಾಗಿವೆ. ತನ್ನ ಮೇಲೇ ಹೇಸಿಗೆ, ಸಾಯುವ ಯೋಚನೆ, ಎಲ್ಲವೂ ನೇರವಾಗಿ ಬರುತ್ತವೆ. ಮನಸ್ಸು ಸರಿಯಿಲ್ಲದ ದಿನಗಳಲ್ಲಿ ಇದನ್ನು ಮುಟ್ಟಬೇಡಿ, ಆಮೇಲೆ ಆಡಬಹುದು.

ಇಷ್ಟು ದೊಡ್ಡ ಆಟಕ್ಕೆ ಸಮಯವಿಲ್ಲ ಅನ್ನುವವರಿಗೆ ಈ ಆಟ ಮಾಡಿದ ಇನ್ಸರ್ಟ್‌ಡಿಸ್ಕ್5 ಅವರೇ 2021ರಲ್ಲಿ ತಂದ ಪುಟ್ಟ ಪೀಠಿಕೆ ‘ಸ್ಟಾರ್ಟ್ ಅಗೇನ್’ ಇದೆ. ಅದೇ ಐವರು, ಅದೇ ಲೂಪ್, ಕೆಲವೇ ಗಂಟೆಗಳ ಆಟ. ಎಳೆತ ಅನ್ನುವುದೇ ಇಲ್ಲ. ಅದನ್ನು ಮೊದಲು ಆಡಿ, ಸಿಫ್ರಿನ್ ಬಗ್ಗೆ ಕಾಳಜಿ ಹುಟ್ಟಿದರೆ ದೊಡ್ಡದಕ್ಕೆ ಹೋಗಿ. ಓದಲು ಬೇಜಾರಿಲ್ಲದವರಿಗೆ, ಪಾತ್ರಗಳಿಗಾಗಿ ಆಡುವವರಿಗೆ ಎರಡನ್ನೂ ಧೈರ್ಯವಾಗಿ ಹೇಳುತ್ತೇನೆ. ಕಾದಾಟಕ್ಕಾಗಿ ಮಾತ್ರ ಆಡುವವರು ಬೇರೆ ಆಟ ನೋಡಿಕೊಳ್ಳುವುದು ಒಳ್ಳೆಯದು.