ನವನಗರದ ಆ ಚಿಕ್ಕ ಮ್ಯೂಸಿಯಂ: ನೋಡಲು ಹೋಗಿ, ರಸೀದಿ ಇಲ್ಲದೆ ಏನನ್ನೂ ಕೊಡಬೇಡಿ

ಬಾಗಲಕೋಟೆ ನವನಗರದಲ್ಲಿ ಒಂದು ಚಿಕ್ಕ ಮ್ಯೂಸಿಯಂ ಇದೆ. ಸರ್ಕಾರದ್ದಲ್ಲ, ಒಂದು ಸಂಘದ್ದು. ಲಾಭಕ್ಕಾಗಿ ನಡೆಸುತ್ತಿಲ್ಲ ಅಂತ ಬಾಗಿಲಲ್ಲೇ ಬೋರ್ಡ್ ಹಾಕಿದ್ದಾರೆ. ಹೆಸರು ಬರೆಯುವುದಿಲ್ಲ. ಅವರ ಮರ್ಯಾದೆ ತೆಗೆಯಬೇಕು ಅಂತ ಬರೆಯುತ್ತಿಲ್ಲ, ಅಲ್ಲಿ ಆಗಬೇಕಾದ ಕೆಲಸ ಆಗಲಿ ಅಂತ ಬರೆಯುತ್ತಿದ್ದೇನೆ. ಐದರಲ್ಲಿ ಎರಡು ಸ್ಟಾರ್ ಕೊಟ್ಟಿದ್ದೇನೆ. ಒಂದು ಅಲ್ಲಿರುವ ವಸ್ತುಗಳಿಗೆ, ಇನ್ನೊಂದು ಅವುಗಳ ಕಥೆ ಹೇಳುವ ಮೇಷ್ಟ್ರಿಗೆ.

ಮೊದಲು ಚೆನ್ನಾಗಿರೋದನ್ನೇ ಹೇಳುತ್ತೇನೆ. ಒಳಗೆ ಹೋದ ಕೂಡಲೇ ಎಡಕ್ಕೆ ಒಂದು ಬಾಗಿಲ ಚೌಕಟ್ಟು ನಿಲ್ಲಿಸಿದ್ದಾರೆ. ಗೋಡೆ ಇಲ್ಲ, ಬಾಗಿಲೂ ಇಲ್ಲ, ಬರೀ ಚೌಕಟ್ಟು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬರುವ ಮುಂಚೆ ಯಾರೋ ತಮ್ಮ ಮನೆ ಬಿಚ್ಚುವಾಗ ತೊಲೆಗಳ ಜೊತೆ ಹೊತ್ತು ತಂದದ್ದು. ಹೊಸ್ತಿಲ ಮೇಲೆ ಅರಿಶಿನದ ಕಲೆ ಇನ್ನೂ ಇದೆ, ನಡುವೆ ಕಾಲು ತಾಗಿ ತಾಗಿ ಸವೆದ ತಗ್ಗು. ಮುಳುಗಡೆ ಕಂಡ ಮನೆಯವರು ಅಲ್ಲಿ ಎರಡು ನಿಮಿಷ ನಿಲ್ಲದೆ ಮುಂದೆ ಹೋಗೋದಿಲ್ಲ. ಜಲಾಶಯದ ಗರಿಷ್ಠ ಮಟ್ಟ 519.60 ಮೀಟರ್ ಅಂತ ಮಳೆಗಾಲದಲ್ಲಿ ಪೇಪರಿನಲ್ಲಿ ಓದುತ್ತೇವಲ್ಲ, ಆ ಅಂಕಿಯ ಕೆಳಗೆ ನಮ್ಮ ಅಜ್ಜಿಯ ಅಡುಗೆಮನೆ ಇದೆ. ಹಾಗಾಗಿ ಈ ಮ್ಯೂಸಿಯಂ ನನಗೆ ಸುಮ್ನೆ ಟೈಂಪಾಸ್ ಜಾಗ ಅಲ್ಲ.

ಒಂದು ಕುಣಿ ಮಗ್ಗ ಇದೆ, ಗುಳೇದಗುಡ್ಡ ಖಣದ (ರವಿಕೆ ಬಟ್ಟೆಯ) ತುಂಡುಗಳಿವೆ, ಕೂರಿಗೆ, ಸೇರು, ಪಾವು, ಬೀಸುಕಲ್ಲುಗಳಿವೆ. ನಿವೃತ್ತ ಮೇಷ್ಟ್ರು ಒಬ್ಬರು ಸಂಬಳ ಇಲ್ಲದೆ ಬಂದು ಕೂರುತ್ತಾರೆ. ಶಾಲೆ ಮಕ್ಕಳು ಬಂದರೆ ಲಾಳಿಯನ್ನು ಅವರ ಕೈಗೇ ಕೊಟ್ಟು, ನೂಲು ಹೇಗೆ ಓಡುತ್ತೆ ಅಂತ ತೋರಿಸುತ್ತಾರೆ. ದೊಡ್ಡವರಿಗೆ 20 ರೂಪಾಯಿ ಟಿಕೆಟ್, ಮಕ್ಕಳಿಗೆ ಇಲ್ಲ. ಮೇಷ್ಟ್ರು ಇದ್ದ ದಿನ ಹೋದರೆ 20 ರೂಪಾಯಿಗೆ ಅದಕ್ಕಿಂತ ಜಾಸ್ತಿ ಏನೂ ಸಿಗೋದಿಲ್ಲ ಈ ಊರಲ್ಲಿ.

ಈಗ ನನ್ನ ವಿಷಯ. 2023ರಲ್ಲಿ ಅಜ್ಜಿ ತೀರಿಕೊಂಡ ಮೇಲೆ ನಮ್ಮ ಅವ್ವ ಎರಡು ವಸ್ತು ಆ ಮ್ಯೂಸಿಯಂಗೆ ಕೊಟ್ಟರು. ಒಂದು ನೀರು ಕಾಯಿಸುವ ತಾಮ್ರದ ಹಂಡೆ, ಇನ್ನೊಂದು ಟೋಪ ತೆನಿ ಸೆರಗಿನ ಇಳಕಲ್ ಸೀರೆ. ಮನೆಯಲ್ಲಿ ಜಾಗ ಇಲ್ಲ ಅಂತ ಕೊಟ್ಟದ್ದಲ್ಲ. ನಮ್ಮ ಮನೆಯಲ್ಲಿದ್ದರೆ ನಾವಷ್ಟೇ ನೋಡುತ್ತೇವೆ, ಅಲ್ಲಿದ್ದರೆ ಊರೆಲ್ಲ ನೋಡುತ್ತೆ ಅಂತ. ರಸೀದಿ ಕೇಳಿದೆ. ಕಾರ್ಯದರ್ಶಿಗಳು, "ಯಾಕ್ರಿ ಅಕ್ಕಾರ, ನಮ್ಮ ಮ್ಯಾಲೆ ನಂಬಿಕಿ ಇಲ್ಲೇನ್ರಿ?" ಅಂದರು. ಅವ್ವ ನನ್ನ ಕೈ ಹಿಡಿದು ಎಳೆದರು. ದಾನ ಕೊಟ್ಟು ಲೆಕ್ಕ ಕೇಳಬಾರದು ಅನ್ನೋದು ಅವರ ತಲೆಮಾರಿನ ಮಾತು. ನಾನೂ ಸುಮ್ಮನಾದೆ. ಅಲ್ಲೇ ತಪ್ಪಿದ್ದು.

ಮುಂದಿನ ವರ್ಷ ಒಂದು ಮದುವೆಗೆ ಹೋಗಿದ್ದೆವು. ಮಂಟಪದ ಬಾಗಿಲಲ್ಲಿ ದೊಡ್ಡ ತಾಮ್ರದ ಹಂಡೆ, ತುಂಬಾ ನೀರು, ಮೇಲೆ ಸೇವಂತಿಗೆ ದಳ. ಚೆಂದ ಇತ್ತು. ಬಗ್ಗಿ ನೋಡಿದೆ. ನಮ್ಮ ಕಡೆ ಪಾತ್ರೆಗೆ ಚುಕ್ಕಿ ಚುಕ್ಕಿಯಾಗಿ ಹೆಸರು ಹಾಕಿಸುತ್ತಾರಲ್ಲ, ಕಂಠದ ಕೆಳಗೆ ಅಜ್ಜಿಯ ಹೆಸರಿನ ಮೂರು ಅಕ್ಷರ. ಕೊನೆಯದು ವಾರೆಯಾಗಿ ಬಿದ್ದಿದೆ, ಅದನ್ನು ನಾನು ಚಿಕ್ಕವಳಿದ್ದಾಗಿನಿಂದ ಬೆರಳಾಡಿಸಿ ಓದಿದ್ದೇನೆ. ಅವ್ವನಿಗೆ ತೋರಿಸಲಿಲ್ಲ. ಮದುವೆ ಮ್ಯೂಸಿಯಂನ ಆಡಳಿತ ಮಂಡಳಿ ಸದಸ್ಯರೊಬ್ಬರ ಮನೆಯದು. ಕೇಳಿದರೆ, "ಎರಡ ದಿನಕ್ಕ ತಂದೀವ್ರಿ, ಮತ್ತ ಅಲ್ಲೇ ಇಡ್ತೀವಿ. ಹಂಡೆ ಏನ್ ಸವೀತದೇನ್ರಿ?" ಅಂದರು.

ಹಂಡೆ ಸವೆಯೋದಿಲ್ಲ, ನಿಜ. ಆದರೆ ನಾವು ಅದನ್ನು ಆ ಸದಸ್ಯರಿಗೆ ಕೊಟ್ಟಿರಲಿಲ್ಲ. ಊರಿಗೆ ಕೊಟ್ಟದ್ದು, ಅವರು ಕಾಯುವವರು ಅಷ್ಟೇ. ಇದು ನನ್ನ ಒಬ್ಬಳ ಸಿಟ್ಟಾ, ಇದಕ್ಕೆ ಎಲ್ಲಾದರೂ ನಿಯಮ ಇದೆಯಾ ಅಂತ ಹುಡುಕಿದೆ. ಇದೆ. ಐಕಾಮ್ ಅಂತ ಮ್ಯೂಸಿಯಂಗಳ ಅಂತರರಾಷ್ಟ್ರೀಯ ಸಂಸ್ಥೆ, 1946ರಲ್ಲಿ ಶುರುವಾದದ್ದು, ಪ್ಯಾರಿಸ್‌ನಲ್ಲಿದೆ. ಅವರ ನೀತಿ ಸಂಹಿತೆ 1986ರಲ್ಲಿ ಬಂತು, 2004ರಲ್ಲಿ ತಿದ್ದಿದರು. ಅದರಲ್ಲಿ ಈ ಮಾತು ನೇರವಾಗಿ ಇದೆ. ಸಿಬ್ಬಂದಿ, ಆಡಳಿತ ಮಂಡಳಿಯವರು, ಅವರ ಮನೆಯವರು, ಆಪ್ತರು, ಯಾರೂ ಸಂಗ್ರಹದ ವಸ್ತುವನ್ನು ಸ್ವಂತಕ್ಕೆ ಬಳಸುವಂತಿಲ್ಲ, ಸ್ವಲ್ಪ ದಿನದ ಮಟ್ಟಿಗೂ ಇಲ್ಲ. ಆ "ಸ್ವಲ್ಪ ದಿನದ ಮಟ್ಟಿಗೂ" ಓದಿದಾಗ ನನಗೆ ಎಷ್ಟೋ ಸಮಾಧಾನ ಆಯಿತು. ಅಂದರೆ ಜಗತ್ತಿನ ಬೇರೆ ಊರುಗಳಲ್ಲೂ ಯಾರದೋ ಹಂಡೆ ಯಾರದೋ ಮದುವೆಗೆ ಹೋಗಿದೆ, ಅದಕ್ಕೇ ಅಷ್ಟು ಬಿಡಿಸಿ ಬರೆದಿದ್ದಾರೆ. ಈ ಸಂಘ ಐಕಾಮ್ ಸದಸ್ಯ ಇರಲಿ ಬಿಡಲಿ, ಮ್ಯೂಸಿಯಂ ಅಂತ ಬೋರ್ಡ್ ಹಾಕಿದ ಮೇಲೆ ಇಷ್ಟನ್ನಾದರೂ ಪಾಲಿಸಬೇಕಲ್ವಾ?

ಇದಕ್ಕೆಲ್ಲ ಮೂಲ ಒಂದೇ. ಅಲ್ಲಿ ರಿಜಿಸ್ಟರ್ ಇಲ್ಲ. ಏನು ಬಂತು, ಯಾರು ಕೊಟ್ಟರು, ಯಾವ ಊರಿಂದ, ಯಾವ ತಾರೀಖು, ಯಾವ ಸ್ಥಿತಿಯಲ್ಲಿ ಅಂತ ಬರೆದು ಒಂದು ನಂಬರ್ ಕೊಡಬೇಕು. ಅದೇ ನಂಬರ್ ವಸ್ತುವಿನ ಮೇಲೂ ಇರಬೇಕು, ಕೊಟ್ಟವರ ರಸೀದಿಯಲ್ಲೂ ಇರಬೇಕು. ಹೊರಗೆ ಹೋದರೆ ಯಾರ ಸಹಿಯಿಂದ ಹೋಯಿತು, ಯಾವತ್ತು ವಾಪಸ್ ಬಂತು ಅಂತಲೂ ಬರೆಯಬೇಕು. ಇದಕ್ಕೆ ಕಂಪ್ಯೂಟರ್ ಕೂಡ ಬೇಡ, ಕಿರಾಣಿ ಅಂಗಡಿಯಲ್ಲಿ ಇಡುವಂಥ ಉದ್ದ ಲೆಡ್ಜರ್ ಸಾಕು. ನಂಬರ್ ಇಲ್ಲದ ವಸ್ತು ಕಳೆದರೆ ಕಳೆದದ್ದೇ ಗೊತ್ತಾಗೋದಿಲ್ಲ.

ಅಷ್ಟೇ ಅಲ್ಲ, ಎಲ್ಲಿಂದ ಬಂತು ಅನ್ನೋದು ಹೋದರೆ ಅರ್ಧ ವಸ್ತುವೇ ಹೋದ ಹಾಗೆ. ಬಾದಾಮಿ ಮ್ಯೂಸಿಯಂನಲ್ಲಿ ಲಜ್ಜಾಗೌರಿ ಮೂರ್ತಿ ನೋಡಿರುತ್ತೀರಿ. ಅದು ಅಲ್ಲೇ ಹತ್ತಿರದ ನಾಗನಾಥಕೊಳ್ಳದ್ದು ಅಂತ ಗೊತ್ತಿರೋದರಿಂದಲೇ ಅದನ್ನು ಓದುವವರಿಗೆ, ಹುಡುಕುವವರಿಗೆ ದಾರಿ ಸಿಗುತ್ತೆ. ಇಲ್ಲಿ ಹಿತ್ತಲಲ್ಲಿ ಒಂದು ಒಡೆದ ವೀರಗಲ್ಲು ಇದೆ, ಗೋಡೆಗೆ ಒರಗಿಸಿದ್ದಾರೆ, ಪಕ್ಕದಲ್ಲಿ ನೀರಿನ ಪೈಪು. ಯಾವ ಊರದು ಅಂತ ಕೇಳಿದರೆ ಮೇಷ್ಟ್ರೂ ತಲೆ ಅಲ್ಲಾಡಿಸಿದರು. ನೂರು ವರ್ಷ ದಾಟಿದ ಕಲ್ಲಿನ ಶಿಲ್ಪ ಅಂದರೆ 1972ರ ಪುರಾತನ ವಸ್ತುಗಳ ಕಾಯ್ದೆಯಡಿ ಬರುತ್ತೆ, ನೋಂದಣಿ ಮಾಡಿಸಬೇಕು. ಮುಳುಗಿದ ಊರಿನ ಕಲ್ಲಾಗಿದ್ದರೆ ಆ ಊರಿನ ಹೆಸರು ಹೇಳೋಕೆ ಉಳಿದಿರೋದು ಅದೊಂದೇ ಆಗಿರಬಹುದು.

ಸೀರೆಯ ವಿಷಯ ಬರೆಯುವಾಗ ಕೈ ನಿಲ್ಲುತ್ತೆ. ಇಳಕಲ್ ಸೀರೆಯ ಮೈಗೆ ಹತ್ತಿ, ಸೆರಗಿಗೆ ರೇಷ್ಮೆ, ಎರಡನ್ನೂ ಮಗ್ಗದ ಮೇಲೇ ಕೊಂಡಿ ಹಾಕಿ ಜೋಡಿಸುತ್ತಾರೆ. ಆ ಕೊಂಡಿಯೇ ಇಳಕಲ್‌ನ ಕೈಚಳಕ. ಇವರು ಸೀರೆಯನ್ನು ಥರ್ಮಾಕೋಲ್ ಹಲಗೆಗೆ ಗುಂಡುಪಿನ್ ಚುಚ್ಚಿ ನಿಲ್ಲಿಸಿದ್ದಾರೆ, ಪಡುವಣ ಕಿಟಕಿಯ ಎದುರಿಗೇ. ಸಂಜೆ ಬಿಸಿಲು ನೇರ ಸೆರಗಿನ ಮೇಲೆ ಬೀಳುತ್ತೆ. ಕೆಂಪು ಸೆರಗು ಒಂದು ಕಡೆ ಇಟ್ಟಿಗೆ ಬಣ್ಣಕ್ಕೆ ತಿರುಗಿದೆ. ಪಿನ್ ಚುಚ್ಚಿದಲ್ಲೆಲ್ಲ ಸಾಸಿವೆ ಕಾಳಿನಷ್ಟು ತುಕ್ಕಿನ ಕಲೆ, ಎಣಿಸಿದೆ, ಹದಿನಾಲ್ಕು. ಹಳೇ ಬಟ್ಟೆಗೆ 50 ಲಕ್ಸ್‌ಗಿಂತ ಜಾಸ್ತಿ ಬೆಳಕು ಬೇಡ ಅಂತ ಮ್ಯೂಸಿಯಂ ಕೆಲಸದವರು ಹೇಳುತ್ತಾರೆ. ಅದು ತುಂಬಾ ಮಂದ ಬೆಳಕು. ಒಂದು ದಪ್ಪ ಪರದೆ, ಸೀರೆ ಸುತ್ತಿಡಲು ಒಂದು ಕೊಳವೆ, ಮೇಲೆ ಬಿಳಿ ಹತ್ತಿ ಬಟ್ಟೆ ಇದ್ದರೆ ಆಗುತ್ತಿತ್ತು. ಇದಕ್ಕೆ ಎಷ್ಟು ದುಡ್ಡು ಬೇಕು ಹೇಳಿ.

ದುಡ್ಡಿನ ಮಾತು ಬಂತಲ್ಲ, ಅದನ್ನೂ ಹೇಳುತ್ತೇನೆ. ಕಟ್ಟಡ ಅಧ್ಯಕ್ಷರದ್ದೇ. ಬಾಡಿಗೆ ದೇಣಿಗೆ ಹಣದಿಂದ ಹೋಗುತ್ತೆ, ಬಾಡಿಗೆ ಎಷ್ಟು ಅಂತ ನಿರ್ಧರಿಸಿದ ಸಭೆಯಲ್ಲಿ ಅವರೇ ಅಧ್ಯಕ್ಷತೆ. ಅವರು ಇದನ್ನು ಮುಚ್ಚಿಡಲಿಲ್ಲ, ಕೇಳಿದ್ದಕ್ಕೆ ಹೇಳಿದರು. ಅಧ್ಯಕ್ಷರ ಮನೆಯನ್ನು ಬಾಡಿಗೆಗೆ ತೆಗೆದುಕೊಂಡದ್ದೇ ತಪ್ಪು ಅಂತ ನಾನು ಹೇಳೋದಿಲ್ಲ, ಊರಲ್ಲಿ ಬೇರೆ ಯಾರೂ ಜಾಗ ಕೊಡದಿದ್ದಾಗ ಅವರು ಕೊಟ್ಟಿದ್ದಾರೆ. ಆದರೆ ತನಗೆ ಹಣ ಬರುವ ವಿಷಯ ಸಭೆಗೆ ಬಂದಾಗ ಎದ್ದು ಹೊರಗೆ ಹೋಗಬೇಕು, ಉಳಿದವರು ಅಕ್ಕಪಕ್ಕದ ಬಾಡಿಗೆ ವಿಚಾರಿಸಿ ತೀರ್ಮಾನ ಮಾಡಬೇಕು, ನಡಾವಳಿ ಪುಸ್ತಕದಲ್ಲಿ ಹಾಗೇ ಬರೆಯಬೇಕು. ಆಗ ಅವರ ಮೇಲೂ ಯಾರೂ ಬೆರಳು ತೋರಿಸೋದಿಲ್ಲ.

ದೇಣಿಗೆ ಪೆಟ್ಟಿಗೆಗೆ ಒಂದೇ ಕೀಲಿ, ಒಬ್ಬರದೇ ಕೈಯಲ್ಲಿ. ನಮ್ಮೂರ ಗುಡಿಯ ಹುಂಡಿ ತೆಗೆಯುವಾಗ ಹತ್ತು ಮಂದಿ ಸುತ್ತ ಕೂತು ಎಣಿಸುತ್ತಾರೆ, ಯಾರಿಗೂ ಅದು ಅವಮಾನ ಅನ್ನಿಸೋದಿಲ್ಲ.

ನನ್ನ ತಮ್ಮ ಒಮ್ಮೆ 5000 ರೂಪಾಯಿ ನಗದು ಕೊಟ್ಟಿದ್ದ. ಟ್ಯಾಕ್ಸ್‌ನಲ್ಲಿ 80ಜಿ ವಿನಾಯಿತಿ ಸಿಗುತ್ತೆ ಅಂತ ಹೇಳಿಯೇ ತೆಗೆದುಕೊಂಡಿದ್ದರು. ಆಗಿನ ನಿಯಮದಲ್ಲಿ 2000 ರೂಪಾಯಿಗಿಂತ ಜಾಸ್ತಿ ನಗದಾಗಿ ಕೊಟ್ಟರೆ 80ಜಿ ಸಿಗುತ್ತಿರಲಿಲ್ಲ, ಚೆಕ್ ಅಥವಾ ಆನ್‌ಲೈನ್ ಆಗಿರಬೇಕಿತ್ತು. ಜೊತೆಗೆ ಸಂಸ್ಥೆ 10ಬಿಇ ಅನ್ನೋ ಪ್ರಮಾಣಪತ್ರ ಕೊಡಬೇಕಿತ್ತು. ಅವನಿಗೆ ಸಿಕ್ಕಿದ್ದು ನಂಬರ್ ಇಲ್ಲದ ಒಂದು ಗುಲಾಬಿ ಚೀಟಿ. ಹಂಡೆ, ಸೀರೆಯಂಥ ವಸ್ತು ಕೊಟ್ಟರಂತೂ ಈ ವಿನಾಯಿತಿ ಇಲ್ಲವೇ ಇಲ್ಲ, ಇದನ್ನೂ ತಿಳಿದಿರಿ.

ಸಂಘ ಅಂದ ಮೇಲೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಇದೆ. ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ನಡೆಸಬೇಕು, ಆಡಳಿತ ಮಂಡಳಿಯ ಪಟ್ಟಿ ಮತ್ತು ಆಡಿಟ್ ಆದ ಲೆಕ್ಕ ರಿಜಿಸ್ಟ್ರಾರ್‌ಗೆ ಕೊಡಬೇಕು. ಹೇಗೂ ಕೊಡುವ ಲೆಕ್ಕದ ಒಂದು ಪ್ರತಿಯನ್ನು ಟಿಕೆಟ್ ಮೇಜಿನ ಹಿಂದೆ ಅಂಟಿಸಿದರೆ ಅರ್ಧ ಅನುಮಾನ ಅಲ್ಲೇ ಮುಗಿಯುತ್ತೆ. ಲಾಭಕ್ಕಲ್ಲ ಅಂದರೆ ದುಡ್ಡೇ ಮುಟ್ಟಬಾರದು ಅಂತಲ್ಲ. ಟಿಕೆಟ್ ಮಾರಲಿ, ಖಣದ ಪರ್ಸ್ ಮಾರಲಿ, ಕೆಲಸದವರಿಗೆ ಸಂಬಳ ಕೊಡಲಿ, ಮೇಷ್ಟ್ರಿಗೂ ಕೊಡಲಿ. ಉಳಿದದ್ದು ಮಂಡಳಿಯವರ ಜೇಬಿಗೆ ಹೋಗದೆ ಮ್ಯೂಸಿಯಂಗೇ ಬರಬೇಕು, ಅಷ್ಟೇ.

ಇನ್ನೊಂದು. ಮೊದಲು ನಾಲ್ಕು ಬೀಸುಕಲ್ಲು ಇದ್ದವು, ಈಗ ಎರಡು. ಜಾಗ ಇಲ್ಲ ಅಂತ ಮಾರಿ ಕರೆಂಟ್ ಬಿಲ್ ಕಟ್ಟಿದರಂತೆ. ಮ್ಯೂಸಿಯಂ ತನ್ನಲ್ಲಿರೋದನ್ನು ಎಂದೂ ಬಿಡಬಾರದು ಅಂತಿಲ್ಲ. ಆದರೆ ಮೊದಲು ಬೇರೆ ಮ್ಯೂಸಿಯಂಗಳನ್ನು ಕೇಳಬೇಕು, ಮಾರಲೇಬೇಕಾದರೆ ಬಂದ ಹಣ ಸಂಗ್ರಹಕ್ಕೇ ಹೋಗಬೇಕು, ಮಂಡಳಿಯವರಾಗಲಿ ಅವರ ಮನೆಯವರಾಗಲಿ ಕೊಳ್ಳುವಂತಿಲ್ಲ. ಇದೂ ಐಕಾಮ್‌ನ ಅದೇ ಸಂಹಿತೆಯಲ್ಲಿದೆ. ಇವತ್ತು ಕರೆಂಟ್ ಬಿಲ್‌ಗೆ ಬೀಸುಕಲ್ಲು ಹೋದರೆ ನಾಳೆ ಮಗ್ಗ ಹೋಗುತ್ತೆ.

ಇಷ್ಟನ್ನೂ ಎರಡು ಪುಟದಲ್ಲಿ ಬರೆದು, ಕೈಗೆ ಕೊಟ್ಟು, ನನ್ನ ಪ್ರತಿಗೆ ಸೀಲು ಹಾಕಿಸಿಕೊಂಡು ಬಂದೆ. ಕಾರ್ಯದರ್ಶಿಗಳಿಗೆ ಬೇಜಾರಾಯಿತು, ಮುಖದಲ್ಲೇ ಕಂಡಿತು. ಮಂಡಳಿಯಿಂದ ಇನ್ನೂ ಉತ್ತರ ಬಂದಿಲ್ಲ. ಆದರೆ ಹದಿನೈದು ದಿನ ಬಿಟ್ಟು ಮೇಷ್ಟ್ರು ಫೋನ್ ಮಾಡಿದರು. ತಾವೇ ಒಂದು ಲೆಡ್ಜರ್ ತಂದು ಬಾಗಿಲ ಚೌಕಟ್ಟಿನಿಂದ ಶುರು ಮಾಡಿದ್ದಾರಂತೆ. "ನಿಮ್ಮ ಹಂಡೆ ವಾಪಸ್ ಬಂದೈತಿ ತಂಗಿ, ಅದಕ್ಕ ನಂಬರ್ 41. ಊರ ಹೆಸರು ಹೇಳು, ಬರಕೋತೀನಿ" ಅಂದರು. ಹೇಳಿದೆ. ಅಜ್ಜಿಯ ಹೆಸರನ್ನೂ ಹೇಳಿದೆ.

ಹೋದ ಭಾನುವಾರ ಅವ್ವನನ್ನು ಕರೆದುಕೊಂಡು ಹೋಗಿದ್ದೆ. ಹಂಡೆಯ ಕಂಠಕ್ಕೆ ದಾರದಲ್ಲಿ ನಂಬರಿನ ಚೀಟಿ ಕಟ್ಟಿದ್ದಾರೆ. ಸೀರೆ ಇನ್ನೂ ಪಿನ್ನಿನ ಮೇಲೇ ಇದೆ. ಕಿಟಕಿಗೆ ಮಾತ್ರ ಮೇಷ್ಟ್ರು ತಮ್ಮ ಮನೆಯಿಂದ ಒಂದು ಹಳೇ ಜಮಖಾನ ತಂದು ಇಳಿಬಿಟ್ಟಿದ್ದಾರೆ.