ಫ್ಲಾಟ್ ತಂತಿಯೋ, ರೌಂಡ್ ತಂತಿಯೋ: ಫ್ರೆಟ್‌ಲೆಸ್ ಬೇಸ್ ಜೊತೆ ನನ್ನ ಜಗ್ಗಾಟ

ಧಾರವಾಡದ ಮನೆಯಲ್ಲಿ ಒಬ್ಬನೇ ಕೂತು ಬಾರಿಸುವಾಗ ನನ್ನ ಫ್ರೆಟ್‌ಲೆಸ್ ಬೇಸ್, ಅಂದರೆ ಕತ್ತಿನ ಮೇಲೆ ಸ್ವರದ ಜಾಗ ತೋರಿಸುವ ಲೋಹದ ಪಟ್ಟಿ (ಫ್ರೆಟ್) ಇಲ್ಲದ ಬೇಸ್ ಗಿಟಾರು, ಚಂದ ಕೇಳುತ್ತಿತ್ತು. ಹುಬ್ಬಳ್ಳಿಯ ಒಂದು ಕಲ್ಯಾಣ ಮಂಟಪದಲ್ಲಿ ಡ್ರಮ್ಸ್, ಕೀಬೋರ್ಡ್ ಜೊತೆ ಬಾರಿಸಿದೆ ನೋಡಿ, ಬರೀ ಗುಂಯ್. ಯಾವ ಸ್ವರ ಅಂತ ನನಗೇ ಗೊತ್ತಾಗಲಿಲ್ಲ. ಫ್ರೆಟ್ಟೇ ಇಲ್ಲದ ವಾದ್ಯದಲ್ಲಿ ಸ್ವರ ಕೇಳದಿದ್ದರೆ ಬೆರಳು ಇಡೋದೆಲ್ಲಿ? ಅವತ್ತು ಬೇಸುರ ಆದದ್ದು ಎಷ್ಟು ಸಲ ಅಂತ ಕೇಳಬೇಡಿ.

ಆಗ ಇದ್ದದ್ದು ಫ್ಲಾಟ್‌ವೌಂಡ್ ತಂತಿ. ಸುತ್ತಿದ ಲೋಹ ಚಪ್ಪಟೆ ಇರುತ್ತದೆ, ಹಾಗಾಗಿ ಬೆರಳು ಜಾರಿಸಿದರೆ ಸದ್ದೇ ಇಲ್ಲ. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ತೆಗೆಯೋಕೆ ಬೆಣ್ಣೆ. ವರ್ಷಗಟ್ಟಲೆ ಬಾಳಿಕೆಯೂ ಬರುತ್ತದೆ. ಆದರೆ ಸ್ವರ ಶುರುವಾಗುವ ಆ 'ಟಕ್' ಮಂದ.

ಅದನ್ನು ತೆಗೆದು ರೌಂಡ್‌ವೌಂಡ್ ಹಾಕಿದೆ, ಇದರಲ್ಲಿ ಸುತ್ತಿದ ಲೋಹ ದುಂಡಗಿರುತ್ತದೆ, ಮೈ ಒರಟು. ಮೊದಲ ಸ್ವರಕ್ಕೇ ಗಿಟಾರು 'ಮ್ವಾ' ಅಂತು! ಧಾರವಾಡದವರಿಗೆ ಇದನ್ನು ವಿವರಿಸೋದು ಸುಲಭ. ತಂಬೂರಿಯ ಅಗಲವಾದ ಕುದುರೆಗೆ ತಂತಿ ಸವರಿ ಜವಾರಿ, ಅಂದರೆ ಆ ಝೇಂಕಾರ, ಹುಟ್ಟುತ್ತದಲ್ವಾ, ಇಲ್ಲೂ ಅದೇ ಆಟ. ಒತ್ತಿದ ಬೆರಳಿನ ಮುಂದೆ ತಂತಿ ಕಟ್ಟಿಗೆಗೆ ಸವರುತ್ತದೆ. (ನಮ್ಮ ಕಡೆ ಜವಾರಿ ಅಂದ್ರೆ ಕೋಳಿ ನೆನಪಾಗೋದೇ ಜಾಸ್ತಿ, ಇರಲಿ.) ರೌಂಡ್ ತಂತಿಯಲ್ಲಿ ಈ ಜವಾರಿ ದಪ್ಪಗೆ, ಹೊಳಪಾಗಿ ಬರುತ್ತದೆ. ಮಂಟಪದಲ್ಲೂ ಎದ್ದು ಕೇಳಿತು.

ಎರಡು ತಿಂಗಳಿಗೆ ರೋಸ್‌ವುಡ್ ಫಿಂಗರ್‌ಬೋರ್ಡ್ (ಬೆರಳು ಒತ್ತುವ ಕಟ್ಟಿಗೆ) ಮೇಲೆ ಸಣ್ಣ ಗೆರೆಗಳು ಕಂಡವು. ಒರಟು ತಂತಿ ಅರದ ಹಾಗೆ ಕಟ್ಟಿಗೆ ತಿನ್ನುತ್ತದೆ. ಫ್ರೆಟ್‌ಲೆಸ್ ಬೇಸ್‌ಗೆ ಹೆಸರಾದ ಜಾಕೊ ಪಾಸ್ಟೋರಿಯಸ್ ತನ್ನ ಫೆಂಡರ್ ಜಾಝ್ ಬೇಸ್‌ನ ಬೋರ್ಡಿಗೆ, ದೋಣಿಗೆ ಬಳಿಯುವ, ಒಣಗಿದರೆ ಗಟ್ಟಿಯಾಗುವ ಎಪಾಕ್ಸಿ ಬಳಿದದ್ದು ಸುಮ್ನೆ ಅಲ್ಲ. ನನಗೆ ಅಷ್ಟು ಧೈರ್ಯ ಇಲ್ಲ.

ಮತ್ತೆ ಫ್ಲಾಟ್‌ಗೇ ಬಂದೆ, ಈ ಸಲ ತಂತಿ ಬಿಟ್ಟು ಬೇರೆಲ್ಲ ಬದಲಿಸಿದೆ. ತಂತಿಯ ಕಂಪನ ಹಿಡಿಯುವ ಎರಡು ಪಿಕಪ್‌ಗಳಲ್ಲಿ ಕತ್ತಿನ ಕಡೆಯದರ ವಾಲ್ಯೂಮ್ ಪೂರ್ತಿ ಇಳಿಸಿ, ಕುದುರೆ ಕಡೆಯದ್ದೊಂದೇ ಇಟ್ಟೆ. ಬಲಗೈಯನ್ನೂ ಅದರ ಮೇಲಕ್ಕೇ ಸರಿಸಿದೆ. ಅಲ್ಲಿ ತಂತಿ ಬಿಗಿ, ಮೀಟಿದರೆ ಗಟ್ಟಿಯಾಗಿ ಪುಟಿಯುತ್ತದೆ. ಆಂಪ್‌ನಲ್ಲಿ (ಆಂಪ್ಲಿಫಯರ್) ಬೇಸ್, ಅಂದರೆ ಕೆಳಗಿನ ಮಂದ್ರ ಸದ್ದು, ಇಳಿಸಿ ಮಿಡ್, ಅಂದರೆ ನಡುವಿನ ಸದ್ದು, ಏರಿಸಿದೆ. ಇದು ಒಪ್ಪಿಕೊಳ್ಳೋಕೆ ನನಗೆ ಬಹಳ ದಿನ ಬೇಕಾಯಿತು. ಬೇಸ್ ಗಿಟಾರಿಗೆ ಬೇಸ್ ಇಳಿಸೋದಾ? ಆದರೆ ಖಾಲಿ ಇ ತಂತಿ ಸುಮಾರು 41 ಹರ್ಟ್ಸ್. ಗದ್ದಲದ ಹಾಲ್‌ನಲ್ಲಿ ಕಿವಿ ಸ್ವರ ಹಿಡಿಯೋದು ಅದರ ಮೇಲಿನ ಉಪಸ್ವರಗಳಿಂದ. ಅವು ಮಿಡ್‌ನಲ್ಲಿವೆ. ಮೇಲಿನ ಚೂಪು ಸದ್ದು, ಟ್ರೆಬಲ್, ಏರಿಸಿಯೂ ನೋಡಿದೆ, ಬೆರಳಿನ ಚರಪರ ಜಾಸ್ತಿ ಆಯಿತೇ ಹೊರತು ಸ್ವರ ಮುಂದೆ ಬರಲಿಲ್ಲ.

ರೌಂಡ್‌ನ ಆ ಗುರುಗುಟ್ಟುವಿಕೆ ಫ್ಲಾಟ್‌ಗೆ ಬರಲ್ಲ, ಸುಳ್ಳು ಹೇಳಲಾರೆ. ಬೋರ್ಡ್ ಗಟ್ಟಿ ಎಬೊನಿ ಕಟ್ಟಿಗೆಯದ್ದಾಗಿದ್ದರೆ ನಾನು ರೌಂಡನ್ನೇ ಇಟ್ಟುಕೊಳ್ಳುತ್ತಿದ್ದೆ. ಈಗ ಫ್ಲಾಟ್ ಇದೆ. ಕಳೆದ ವಾರ ಅದೇ ಮಂಟಪದಲ್ಲಿ ಬಾರಿಸಿದೆ. ಡ್ರಮ್ಸ್ ಹುಡುಗ ಮಧ್ಯದಲ್ಲೇ ತಿರುಗಿ, 'ಅಣ್ಣಾ, ಗಿಟಾರ್ ಹೊಸದೇನು?' ಅಂದ.