ಇನ್ವರ್ಟರ್, ಔಟ್‌ಲೆಟ್ ಗುಂಪಿನ ಯುಪಿಎಸ್, ಸ್ವಿಚ್ಡ್ ಪಿಡಿಯು: ಕೋಲಾರದ ಸಣ್ಣ ರ‍್ಯಾಕಿಗೆ ಯಾವುದು?

ಸಣ್ಣ ರ‍್ಯಾಕಿಗೆ ಇರುವ ದುಡ್ಡನ್ನೆಲ್ಲ ದೊಡ್ಡ ಯುಪಿಎಸ್‌ಗೆ ಸುರಿಯಬೇಡಿ. ಸಾಧಾರಣ ಯುಪಿಎಸ್ ತೆಗೆದುಕೊಂಡು, ಉಳಿದದ್ದರಲ್ಲಿ ಒಂದು ಸ್ವಿಚ್ಡ್ ಪಿಡಿಯು ಹಾಕಿಸಿ. ಮೂರನ್ನೂ ಬಳಸಿ ನೋಡಿದ ಮೇಲೆ ನನ್ನ ಮತ ಇದೇ. ಸ್ವಿಚ್ಡ್ ಪಿಡಿಯು ಅಂದರೆ ಒಂದೊಂದು ಔಟ್‌ಲೆಟ್ಟನ್ನೂ ನೆಟ್‌ವರ್ಕ್ ಮೂಲಕ ಬೇರೆ ಬೇರೆಯಾಗಿ ಆನ್-ಆಫ್ ಮಾಡಬಲ್ಲ ಪವರ್ ಸ್ಟ್ರಿಪ್.

ಇಲ್ಲಿ ಲೆಕ್ಕಕ್ಕೆ ಇಟ್ಟುಕೊಂಡಿರುವುದು ಕೋಲಾರದ ಟೊಮೆಟೊ ಮಂಡಿ ಆಫೀಸು, ನರಸಾಪುರ-ಮಾಲೂರು ಕಡೆಯ ಚಿಕ್ಕ ವರ್ಕ್‌ಶಾಪು, ಬಂಗಾರಪೇಟೆಯ ಶಾಲೆ ಇಂಥ ಕಡೆ ಇರುವ 12ಯು (ಹನ್ನೆರಡು ಖಾನೆ ಎತ್ತರದ) ರ‍್ಯಾಕು. ಅದರಲ್ಲಿ ಒಂದು ಸರ್ವರ್, ಒಂದು ನಾಸ್ (ನೆಟ್‌ವರ್ಕ್ ಮೂಲಕ ಬಳಸುವ ಡಿಸ್ಕ್ ಪೆಟ್ಟಿಗೆ), ಪಿಒಇ ಸ್ವಿಚ್ (ನೆಟ್‌ವರ್ಕ್ ಕೇಬಲ್ಲಿನಲ್ಲೇ ಕರೆಂಟನ್ನೂ ಕೊಡುವ ಸ್ವಿಚ್), ಕ್ಯಾಮೆರಾಗಳ ಎನ್‌ವಿಆರ್ (ರೆಕಾರ್ಡರ್), ಫೈಬರ್ ಮೋಡೆಮ್. ಒಟ್ಟು 300 ವ್ಯಾಟ್ ಆಸುಪಾಸು. ನಮ್ಮ ಕಡೆ ಗಂಟೆಗಟ್ಟಲೆ ಕರೆಂಟ್ ಹೋಗುವುದಕ್ಕಿಂತ ಏಪ್ರಿಲ್-ಮೇ ತಿಂಗಳ ಗಾಳಿ-ಮಳೆಯಲ್ಲಿ ಹೋಗಿ ಬಂದು ಹೋಗಿ ಬಂದು ಮಾಡುತ್ತದಲ್ಲ, ಅದೇ ಹೆಚ್ಚು ಕಾಟ. ಫೀಡರ್ ಟ್ರಿಪ್ ಆಗುತ್ತದೆ, ಮತ್ತೆ ಚಾರ್ಜ್ ಮಾಡುತ್ತಾರೆ, ಇನ್ನೊಂದು ಕೊಂಬೆ ತಂತಿಗೆ ತಾಗಿ ಮತ್ತೆ ಟ್ರಿಪ್.

ಮನೆಯ ಇನ್ವರ್ಟರ್ ಮತ್ತು 150 ಎಎಚ್ ಟ್ಯೂಬ್ಯುಲರ್ ಬ್ಯಾಟರಿಯದ್ದು ಬೇಗ ಮುಗಿಯುವ ಮಾತು. ಬ್ಯಾಕಪ್ ಗಂಟೆಗಟ್ಟಲೆ ಬರುತ್ತದೆ, ಬ್ಯಾಟರಿ ಯಾವ ಊರಲ್ಲೂ ಸಿಗುತ್ತದೆ. ಆದರೆ ಸಾಮಾನ್ಯ ಮಾದರಿಗಳಲ್ಲಿ ಸರ್ವರ್ ಜೊತೆ ಮಾತಾಡುವ ಪೋರ್ಟೇ ಇಲ್ಲ. ಬ್ಯಾಟರಿ ಮುಗಿಯುತ್ತಿದೆ ಎಂದು ಸರ್ವರ್‌ಗೆ ಹೇಳುವವರಿಲ್ಲ. ಮೋಡೆಮ್, ಎನ್‌ವಿಆರ್ ಮಾತ್ರ ಇದ್ದರೆ ಇದೇ ಸಾಕು. ಸರ್ವರ್, ನಾಸ್ ಇದ್ದರೆ ಬೇಡ.

ಎರಡನೆಯದು ಎರಡು ಔಟ್‌ಲೆಟ್ ಗುಂಪಿರುವ ಲೈನ್ ಇಂಟರಾಕ್ಟಿವ್ (ಸಣ್ಣ ವೋಲ್ಟೇಜ್ ಏರಿಳಿತವನ್ನು ಬ್ಯಾಟರಿ ಮುಟ್ಟದೆ ಸರಿಪಡಿಸುವ) ಯುಪಿಎಸ್. ಒಂದು ಗುಂಪು ಸದಾ ಆನ್, ಇನ್ನೊಂದನ್ನು ಯುಎಸ್‌ಬಿ ಮೂಲಕ ಆಫ್ ಮಾಡಬಹುದು. ನೆಟ್‌ವರ್ಕ್ ಯುಪಿಎಸ್ ಟೂಲ್ಸ್, ಅಂದರೆ ಎಲ್ಲರೂ ನಟ್ ಎನ್ನುವ ಉಚಿತ ತಂತ್ರಾಂಶ, ಇಂಥ ಬಹಳಷ್ಟು ಯುಪಿಎಸ್‌ಗಳ ಜೊತೆ ಕೆಲಸ ಮಾಡುತ್ತದೆ. ಕೇಳಲು ಚೆನ್ನಾಗಿದೆ. ತೊಡಕು ಬರುವುದು ಕರೆಂಟ್ ವಾಪಸ್ ಬಂದಾಗ.

ಆಗುವುದು ಹೀಗೆ. ಬ್ಯಾಟರಿ ಇಳಿಯಿತು ಎಂಬ ಸೂಚನೆ ಬಂದು ಸರ್ವರ್ ಶಟ್‌ಡೌನ್ ಶುರು ಮಾಡುತ್ತದೆ. ಅದಕ್ಕೆ 90 ಸೆಕೆಂಡ್ ಬೇಕು ಅಂದುಕೊಳ್ಳಿ. 40ನೇ ಸೆಕೆಂಡಿಗೆ ಕರೆಂಟ್ ಬಂತು. ಶುರುವಾದ ಶಟ್‌ಡೌನ್ ನಿಲ್ಲುವುದಿಲ್ಲ, ಸರ್ವರ್ ಮಲಗುತ್ತದೆ. ಆದರೆ ಯುಪಿಎಸ್ ಔಟ್‌ಪುಟ್ ಒಂದು ಕ್ಷಣವೂ ಹೋಗಿಲ್ಲ. ಕರೆಂಟ್ ಹೋಗಿ ಬಂತು ಎಂದು ಸರ್ವರ್‌ಗೆ ಗೊತ್ತಾಗದಿದ್ದರೆ ಅದು ತಾನಾಗಿ ಏಳುವುದಿಲ್ಲ. ಕರೆಂಟ್ ಇದೆ, ಲೈಟು ಉರಿಯುತ್ತಿದೆ, ಸರ್ವರ್ ಮಾತ್ರ ಯಾರಾದರೂ ಬಂದು ಬಟನ್ ಒತ್ತುವವರೆಗೆ ಸತ್ತ ಹಾಗೆ ಬಿದ್ದಿರುತ್ತದೆ.

ಇದಕ್ಕೆ ನಟ್‌ನಲ್ಲಿ ಮದ್ದು ಇದೆ: ಕೊನೆಯಲ್ಲಿ ಯುಪಿಎಸ್‌ಗೆ 'ಆಫ್ ಆಗು, ಕರೆಂಟ್ ಇದ್ದರೆ ಮತ್ತೆ ಆನ್ ಆಗು' ಎಂಬ ಆಜ್ಞೆ ಹೋಗುತ್ತದೆ. ಯುಎಸ್‌ಬಿ ಡ್ರೈವರ್‌ನಲ್ಲಿ ಮೊದಲೇ ಇರುವ ಆಫ್‌ಡಿಲೇ (ಆಜ್ಞೆ ಬಂದು ಆಫ್ ಆಗುವವರೆಗಿನ ಸಮಯ) 20 ಸೆಕೆಂಡ್, ಆನ್‌ಡಿಲೇ (ಮತ್ತೆ ಆನ್ ಆಗುವವರೆಗಿನ ಸಮಯ) 30. ಆನ್‌ಡಿಲೇ ಯಾವಾಗಲೂ ಆಫ್‌ಡಿಲೇಗಿಂತ ಹೆಚ್ಚಿರಬೇಕು. ತೊಂದರೆ ಏನೆಂದರೆ ಈ ಆಜ್ಞೆಯನ್ನು ಎಲ್ಲ ಯುಪಿಎಸ್ ಪಾಲಿಸುವುದಿಲ್ಲ. ಕೆಲವು ಕರೆಂಟ್ ಬಂದ ಕೂಡಲೇ ಎಣಿಕೆಯನ್ನೇ ರದ್ದು ಮಾಡುತ್ತವೆ. ಕೆಲವು ಆಫ್ ಆಗುತ್ತವೆ, ಆಮೇಲೆ ಆನ್ ಆಗುವುದೇ ಇಲ್ಲ. ಪೆಟ್ಟಿಗೆಯ ಮೇಲೆ ಇದನ್ನು ಬರೆದಿರುವುದಿಲ್ಲ. ಹಾಗಾಗಿ ಸರ್ವರ್ ಜಾಗದಲ್ಲಿ 100 ವ್ಯಾಟಿನ ಹಳೇ ಬಲ್ಬ್ ಹಾಕಿ, ಯುಪಿಎಸ್‌ನ ಪ್ಲಗ್ ಗೋಡೆಯಿಂದ ಕಿತ್ತು, ಲ್ಯಾಪ್‌ಟಾಪಿನಿಂದ ಆಜ್ಞೆ ಕೊಟ್ಟು, ಎಣಿಕೆ ಮುಗಿಯುವ ಮುಂಚೆ ಪ್ಲಗ್ ವಾಪಸ್ ಹಾಕಿ. ಬಲ್ಬ್ ಆರಿ ಮತ್ತೆ ಹತ್ತಿದರೆ ಮಾತ್ರ ದುಡ್ಡು ಕೊಡಿ.

ಇನ್ನೊಂದು ಗಂಟು ಬಯಾಸ್‌ನಲ್ಲಿ, ಅಂದರೆ ಸರ್ವರ್‌ನ ಮೂಲ ಸೆಟ್ಟಿಂಗ್‌ಗಳಲ್ಲಿದೆ. ಕರೆಂಟ್ ಬಂದಾಗ ಏನು ಮಾಡಬೇಕು ಎಂಬಲ್ಲಿ 'ಲಾಸ್ಟ್ ಸ್ಟೇಟ್' ಇದ್ದರೆ ಸರ್ವರ್ ಏಳದು. ಸರಿಯಾಗಿ ಶಟ್‌ಡೌನ್ ಆದ ಯಂತ್ರದ ಕೊನೆಯ ಸ್ಥಿತಿ 'ಆಫ್' ತಾನೆ. ಅಲ್ಲಿ 'ಪವರ್ ಆನ್' ಎಂದೇ ಇರಬೇಕು. ಮೂರು ಆಯ್ಕೆಯಲ್ಲಿ ಯಾವುದನ್ನು ತಂದರೂ ಇದನ್ನು ಮೊದಲು ನೋಡಿ.

ಗುಂಪು ಎರಡೇ ಇರುವುದರಿಂದ ಸರ್ವರ್ ಮತ್ತು ನಾಸ್ ಒಂದೇ ಗುಂಪಿಗೆ ಬೀಳುತ್ತವೆ. ಒಟ್ಟಿಗೆ ಆನ್ ಆದರೆ ನಾಸ್ ಸಿದ್ಧವಾಗುವ ಮೊದಲೇ ಸರ್ವರ್ ಎದ್ದು, ಡಿಸ್ಕ್ ಸಿಗದೆ ಅರ್ಧಕ್ಕೆ ನಿಲ್ಲುತ್ತದೆ. ಆಫ್ ಆಗುವಾಗಲೂ ಅಷ್ಟೇ. ನಟ್‌ನ ಹೋಸ್ಟ್‌ಸಿಂಕ್ ಎಂಬ ಸೆಟ್ಟಿಂಗ್ 15 ಸೆಕೆಂಡ್ ಕಾಯುವುದು ಉಳಿದ ಯಂತ್ರಗಳು ಸಂಪರ್ಕ ಬಿಡಲಿ ಎಂದು, ಅವು ಪೂರ್ತಿ ಆಫ್ ಆಗಲಿ ಎಂದಲ್ಲ. ನಾಸ್‌ಗೆ 2 ನಿಮಿಷ ಬೇಕಿದ್ದರೆ ಆಫ್‌ಡಿಲೇಯನ್ನು 150ಕ್ಕೆ, ಆನ್‌ಡಿಲೇಯನ್ನು 180ಕ್ಕೆ ಏರಿಸಬೇಕು.

ಪಿಡಿಯು ಬಂದರೆ ಈ ರಗಳೆ ಯುಪಿಎಸ್ ತಲೆಯಿಂದ ಇಳಿಯುತ್ತದೆ. ಯುಪಿಎಸ್ ಕೆಲಸ ಕರೆಂಟ್ ಕೊಡುವುದು, ಸ್ಥಿತಿ ಹೇಳುವುದು, ಅಷ್ಟೇ. ಯಾವುದನ್ನು ಯಾವಾಗ ಆರಿಸಬೇಕು, ಹಚ್ಚಬೇಕು ಎಂಬುದನ್ನು ಒಂದು ರಾಸ್ಪ್‌ಬೆರಿ ಪೈ, ಅಂದರೆ ಪುಟ್ಟ ಕಂಪ್ಯೂಟರ್, ನೋಡಿಕೊಳ್ಳುತ್ತದೆ. ಯುಪಿಎಸ್‌ನ ಯುಎಸ್‌ಬಿ ಪೈಗೆ. ನಟ್‌ನ ಪ್ರೈಮರಿ, ಅಂದರೆ ಯುಪಿಎಸ್ ಜೊತೆ ನೇರವಾಗಿ ಮಾತಾಡುವ ಯಂತ್ರ, ಅದೇ. ಸರ್ವರ್, ನಾಸ್ ಎರಡೂ ಸೆಕೆಂಡರಿ, ಪೈ ಮಾತು ಕೇಳುವುದು ನೆಟ್‌ವರ್ಕಿನಲ್ಲಿ 3493 ಪೋರ್ಟ್ ಮೂಲಕ.

ಔಟ್‌ಲೆಟ್ 1ಕ್ಕೆ ಸ್ವಿಚ್ ಮತ್ತು ಮೋಡೆಮ್, 2ಕ್ಕೆ ಪೈ, 3ಕ್ಕೆ ನಾಸ್, 4ಕ್ಕೆ ಸರ್ವರ್, 5ಕ್ಕೆ ಎನ್‌ವಿಆರ್. ಕರೆಂಟ್ ಹೋಗಿ 3 ನಿಮಿಷವಾದರೂ ಬರದಿದ್ದರೆ ಪೈ ಮೊದಲು ಸರ್ವರ್, ಆಮೇಲೆ ನಾಸ್ ಮುಚ್ಚಿಸುತ್ತದೆ. ಎರಡೂ ಪಿಂಗ್‌ಗೆ ('ಇದ್ದೀಯಾ' ಎಂದು ನೆಟ್‌ವರ್ಕಿನಲ್ಲಿ ಕೇಳುವ ಕರೆಗೆ) ಉತ್ತರ ಕೊಡುವುದು ನಿಂತು 60 ಸೆಕೆಂಡ್ ಕಳೆದ ಮೇಲೆ 4, 3 ಆಫ್. ನಡುವೆ ಕರೆಂಟ್ ಬಂದರೂ ಈ ಸರಣಿಯನ್ನು ನಿಲ್ಲಿಸಕೂಡದು, ಪೂರ್ತಿ ಆಫ್ ಮಾಡಿಯೇ ಮುಂದಿನ ಮಾತು. ಕರೆಂಟ್ 5 ನಿಮಿಷ ಬಿಡದೆ ನಿಂತು, ಬ್ಯಾಟರಿ 30% ದಾಟಿದ ಮೇಲೆ 3 ಆನ್, ಅದಾಗಿ 3 ನಿಮಿಷಕ್ಕೆ 4 ಆನ್. ಔಟ್‌ಲೆಟ್ಟು ನಿಜಕ್ಕೂ ಆರಿ ಹತ್ತುವುದರಿಂದ ಸರ್ವರ್ ಏಳಲೇಬೇಕು. ದೊಡ್ಡ ಲೋಡ್ ಬೇಗ ಇಳಿದ ಕಾರಣ ಇಂಟರ್ನೆಟ್ಟು, ಕ್ಯಾಮೆರಾ ಅದೇ ಬ್ಯಾಟರಿಯಲ್ಲಿ ಇನ್ನೂ ಬಹಳ ಹೊತ್ತು ನಡೆಯುತ್ತವೆ.

ಬ್ಯಾಟರಿ ಪೂರ್ತಿ ಮುಗಿದು ಎಲ್ಲವೂ ನಿಂತಿತು ಅಂದುಕೊಳ್ಳಿ. ಆಗ ಪಿಡಿಯು ಒಳಗಿನ ಪವರ್ ಆನ್ ಡಿಲೇ ಕೈಹಿಡಿಯುತ್ತದೆ: 1 ಮತ್ತು 2 ತಕ್ಷಣ, 5ಕ್ಕೆ 60 ಸೆಕೆಂಡ್, 3ಕ್ಕೆ 600, 4ಕ್ಕೆ 780. ಸರ್ವರ್ ಔಟ್‌ಲೆಟ್ಟಿಗೆ 'ತಾನಾಗಿ ಆನ್ ಆಗಬೇಡ' ಎಂದು ಹಾಕಬೇಡಿ. ಪೈ ಒಳಗಿನ ಎಸ್‌ಡಿ ಕಾರ್ಡ್ ಕೆಟ್ಟ ದಿನ ಸರ್ವರ್ ಏಳಿಸಲು ಯಾರೂ ಇರುವುದಿಲ್ಲ.

ಪಿಡಿಯುಗೂ ತನ್ನದೇ ಕಿರಿಕಿರಿಗಳಿವೆ. ಔಟ್‌ಲೆಟ್ಟುಗಳು ಸಿ13 (ಕಂಪ್ಯೂಟರ್ ಪವರ್ ಕೇಬಲ್ಲಿನ ತುದಿಯ ಬಗೆ), ಮೋಡೆಮ್ ಅಡಾಪ್ಟರ್ ಅದಕ್ಕೆ ಕೂರುವುದಿಲ್ಲ. ಒಂದು ತುದಿ ಸಿ14 (ಸಿ13ಕ್ಕೆ ಕೂರುವ ಪ್ಲಗ್), ಇನ್ನೊಂದು ತುದಿ ನಮ್ಮ 6 ಆಂಪ್ ಸಾಕೆಟ್ ಇರುವ ಗಿಡ್ಡ ಕೇಬಲ್ ಎರಡು-ಮೂರು ಮೊದಲೇ ತಂದಿಡಿ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹಳೇ ಪಿಡಿಯು ಸಿಕ್ಕರೆ ಒಂದೊಂದು ಔಟ್‌ಲೆಟ್ಟನ್ನೂ ಬಲ್ಬ್ ಹಾಕಿ ಆನ್-ಆಫ್ ಮಾಡಿ ನೋಡಿ, ರಿಲೇ ಅಂಟಿಕೊಂಡಿರಬಹುದು. ಹಳೇ ಪಿಡಿಯುವಿನ ಎಸ್‌ಎನ್‌ಎಂಪಿ (ಅದನ್ನು ನೆಟ್‌ವರ್ಕಿನಿಂದ ನಡೆಸುವ ವಿಧಾನ) ಪಾಸ್‌ವರ್ಡ್ ಬದಲಿಸಿ, ಪಿಡಿಯುವನ್ನು ಬೇರೆ ವಿಎಲ್ಯಾನ್‌ನಲ್ಲಿ (ನೆಟ್‌ವರ್ಕಿನ ಪ್ರತ್ಯೇಕ ಭಾಗದಲ್ಲಿ) ಇಡಿ.

ಎರಡು ಯುಪಿಎಸ್ ಇಡುವವರು ಒಂದರ ಹಿಂದೆ ಒಂದು ಜೋಡಿಸಬೇಡಿ. ಸರ್ವರ್‌ಗೆ ಎರಡು ಪವರ್ ಸಪ್ಲೈ ಇದ್ದರೆ ಒಂದೊಂದಕ್ಕೆ ಒಂದು, ನಟ್‌ನಲ್ಲಿ ಮಿನ್‌ಸಪ್ಲೈಸ್ (ಸರ್ವರ್ ನಡೆಯಲು ಕನಿಷ್ಠ ಬೇಕಾದ ಸಪ್ಲೈ) 1. ಎರಡರ ಲೋಡೂ 40% ಒಳಗಿರಲಿ. ಒಂದು ಕೈಕೊಟ್ಟರೆ ಇನ್ನೊಂದು ಪೂರ್ತಿ ಹೊರಬೇಕು. ಔಟ್‌ಪುಟ್ ಪ್ಯೂರ್ ಸೈನ್ (ಲೈನ್ ಕರೆಂಟಿನಂಥ ನಯವಾದ ಅಲೆ) ಆಗಿರಲಿ.

ಡೀಸೆಲ್ ಜನರೇಟರ್ ಇರುವ ಕಡೆ ಯುಪಿಎಸ್ ಸೆನ್ಸಿಟಿವಿಟಿ 'ಲೋ'ಗೆ ಇಳಿಸಿ. ಇಲ್ಲವಾದರೆ ಜನರೇಟರ್ ಓಡುತ್ತಿದ್ದರೂ ಯುಪಿಎಸ್ ಅದನ್ನು ಒಪ್ಪದೆ ಬ್ಯಾಟರಿ ಮೇಲೇ ಕೂರುತ್ತದೆ. ಕೋಲಾರದ ಒಣ ನೆಲದಲ್ಲಿ ಬೇಸಿಗೆಗೆ ಅರ್ಥಿಂಗ್ ಗುಂಡಿಗೆ ನೀರು ಹಾಕುವುದನ್ನು ಮರೆಯಬೇಡಿ.

ಮೂರ್ನಾಲ್ಕು ರ‍್ಯಾಕುಗಳನ್ನು ದೂರದಿಂದ ನೋಡಿಕೊಳ್ಳುವವರು, ರಾತ್ರಿ ಬಟನ್ ಒತ್ತಲು ಆಳಿಲ್ಲದ ಕಡೆ ಇರುವವರು 1 ಕೆವಿಎ ಸಾದಾ ಯುಪಿಎಸ್, 8 ಔಟ್‌ಲೆಟ್ಟಿನ ಪಿಡಿಯು, ಒಂದು ಪೈ ತೆಗೆದುಕೊಳ್ಳಿ. ರ‍್ಯಾಕ್ ಪಕ್ಕದಲ್ಲೇ ಕೂತು ಕೆಲಸ ಮಾಡುವವರಿಗೆ ಬಲ್ಬ್ ಪರೀಕ್ಷೆ ಪಾಸಾದ ಗುಂಪಿನ ಯುಪಿಎಸ್ ಸಾಕು. ಪಿಡಿಯು ದುಡ್ಡನ್ನು ಎರಡು-ಮೂರು ವರ್ಷಕ್ಕೆ ಬರುವ ಬ್ಯಾಟರಿ ಬದಲಾವಣೆಗೆ ಎತ್ತಿಡಿ.